ಲಾಕ್‌ಡೌನ್‌ಗೆ ಐದು ವರ್ಷ: ಯಾವ ನಿಯಮ ಬೇಕಿತ್ತು, ಯಾವುದು ಬೇಡವಾಗಿತ್ತು?

ಸೇವಂತಿಗೆ ತೋಟ, ಚಿಕ್ಕಬಳ್ಳಾಪುರ
24 ಮಾರ್ಚ್ 2025, ರಾತ್ರಿ 8.05

ಎಲ್ಲರಿಗೂ ನಮಸ್ಕಾರ. ಐದು ವರ್ಷದ ಹಿಂದೆ ಇದೇ ದಿನ, ಇದೇ ಹೊತ್ತಿಗೆ ಮನೆಮಂದಿಯೆಲ್ಲ ಟಿವಿ ಮುಂದೆ ಕೂತಿದ್ದೆವು. ಕೋವಿಡ್ ತಡೆಯಲು ಮಧ್ಯರಾತ್ರಿಯಿಂದ 21 ದಿನ ದೇಶ ಪೂರ್ತಿ ಬಂದ್ ಅಂತ ಪ್ರಧಾನಿ ಹೇಳಿದರು. ಮಾರನೇ ದಿನ ಯುಗಾದಿ.

ಹೂವು ಬೆಳೆಯುವವರು ಯುಗಾದಿ ಲೆಕ್ಕ ಹಾಕಿಯೇ ಸಸಿ ನಾಟಿ ಮಾಡುತ್ತಾರೆ. ಹಬ್ಬದ ಹಿಂದಿನ ಎರಡು ದಿನ ಸಿಗುವ ರೇಟು ಆಮೇಲೆ ಸಿಗುವುದಿಲ್ಲ. ನಮ್ಮದು ಎರಡು ಎಕರೆ ಸೇವಂತಿಗೆ ಅರಳಿ ನಿಂತಿತ್ತು. ಮಾರ್ಕೆಟ್ ಇಲ್ಲ, ದೇವಸ್ಥಾನ ಇಲ್ಲ, ಮದುವೆ ಇಲ್ಲ. ತರಕಾರಿ, ಹಾಲು ಅಗತ್ಯ ವಸ್ತು. ಹೂವು ಅಲ್ಲ. ಒಂದು ವಾರ ಕಾದೆ. ಆಮೇಲೆ ಟ್ರ್ಯಾಕ್ಟರ್ ಕರೆಸಿ ರೋಟವೇಟರ್ ಹೊಡೆಸಿ ಗಿಡವನ್ನೆಲ್ಲ ಮಣ್ಣಿಗೆ ಸೇರಿಸಿಬಿಟ್ಟೆ. ಅಪ್ಪ ಮೂರು ದಿನ ತೋಟದ ಕಡೆ ಬರಲಿಲ್ಲ.

ಮೇ 6ಕ್ಕೆ ರಾಜ್ಯ ಸರ್ಕಾರ 1,610 ಕೋಟಿ ರೂಪಾಯಿ ಪ್ಯಾಕೇಜ್ ಹೇಳಿತು. ಹೂವಿಗೆ ಹೆಕ್ಟೇರಿಗೆ 25,000. ಕೊಟ್ಟಿದ್ದಕ್ಕೆ ಋಣಿ. ಆದರೆ ಸಸಿ, ಗೊಬ್ಬರ, ಔಷಧಿ, ಕೂಲಿ ಅಂತ ನಾನು ಹಾಕಿದ್ದು ಅದಕ್ಕಿಂತ ಎಷ್ಟೋ ಜಾಸ್ತಿ.

ಲಾಕ್‌ಡೌನ್ ಬೇಡವಾಗಿತ್ತು ಅಂತ ನಾನು ಹೇಳುವುದಿಲ್ಲ. ನಮ್ಮ ಗೌರಿಬಿದನೂರಿನಲ್ಲಿ ಆಗಲೇ ಕೇಸು ಬಂದಿದ್ದವು. ನಮಗೂ ಭಯ ಇತ್ತು. ಆದರೆ ನಾಲ್ಕು ಗಂಟೆ ಮೊದಲು ಹೇಳಿದರೆ ಹೇಗೆ? ಇನ್ನೊಂದು ರೋಗ ಯಾವಾಗಲೋ ಬಂದೇ ಬರುತ್ತದೆ. ಆಗ ಏನು ಕೇಳಬೇಕು ಅಂತ ಈಗಲೇ ಮಾತಾಡೋಣ ಅಂತ ಇದನ್ನು ಶುರು ಮಾಡಿದ್ದೇನೆ. ನಿಮಗೆ ಯಾವ ನಿಯಮ ಸರಿ ಅನಿಸಿತು? ಯಾವುದು ಈಗಲೂ ಚುಚ್ಚುತ್ತದೆ? ಪಕ್ಷದ ಮಾತು ಬೇಡ. ನಿಮ್ಮ ಕಣ್ಣಾರೆ ಕಂಡದ್ದು ಬರೆಯಿರಿ.

ಮೈಸೂರು ಡಾಕ್ಟರ್

ಒಳ್ಳೆ ಪ್ರಶ್ನೆ. ನಿಮ್ಮ ಹೂವಿನ ಮಾತು ಓದಿ ಮನಸ್ಸಿಗೆ ಬೇಜಾರಾಯಿತು. ಆದರೂ ಒಂದು ಮಾತು.

ನಾಲ್ಕು ಗಂಟೆ ಅನ್ನುವುದು ದೇಶದ ಲೆಕ್ಕಕ್ಕೆ ಸರಿ. ಕರ್ನಾಟಕದ ಲೆಕ್ಕ ಸ್ವಲ್ಪ ಬೇರೆ. ಕಲಬುರಗಿಯಲ್ಲಿ 76 ವರ್ಷದ ಹಿರಿಯರೊಬ್ಬರು ಮಾರ್ಚ್ 10ಕ್ಕೆ ತೀರಿಕೊಂಡರು. ದೇಶದ ಮೊದಲ ಕೋವಿಡ್ ಸಾವು ಅದು. ಮಾರ್ಚ್ 13ಕ್ಕೇ ಇಲ್ಲಿ ಮಾಲ್, ಸಿನಿಮಾ ಮಂದಿರ, ಜಾತ್ರೆ, ದೊಡ್ಡ ಮದುವೆ ಒಂದು ವಾರ ಬಂದ್ ಅಂತ ಹೇಳಿದ್ದರು. 22ಕ್ಕೆ ಜನತಾ ಕರ್ಫ್ಯೂ. ಆ ದಿನವೇ ಒಂಬತ್ತು ಜಿಲ್ಲೆ ಬಂದ್ ಅಂದರು. ಚಿಕ್ಕಬಳ್ಳಾಪುರವೂ ಅದರಲ್ಲಿತ್ತು. ಮಾರನೇ ದಿನ ಇಡೀ ರಾಜ್ಯಕ್ಕೆ ಅದೇ.

ಆ ಲಾಕ್‌ಡೌನ್ ಆಸ್ಪತ್ರೆ ಒಳಗಿಂದ ಹೇಗೆ ಕಾಣುತ್ತಿತ್ತು ಹೇಳುತ್ತೇನೆ. ನಮ್ಮ ವಾರ್ಡಿನಲ್ಲಿ ಪಿಪಿಇ ಕಿಟ್ ಎಣಿಸಿ ಇಟ್ಟಿದ್ದೆವು. ದೇಶದಲ್ಲಿ ಅದನ್ನು ತಯಾರಿಸುವವರೇ ಇರಲಿಲ್ಲ ಅನ್ನಬಹುದು. ಮೇ ತಿಂಗಳ ಹೊತ್ತಿಗೆ ದಿನಕ್ಕೆ ಲಕ್ಷಗಟ್ಟಲೆ ತಯಾರಾದವು. ಎಷ್ಟೋ ಕಿಟ್ ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲೇ ಹೊಲಿದದ್ದು. ಗಂಟಲಿನ ಸ್ಯಾಂಪಲ್ ಪರೀಕ್ಷೆ ಮಾಡುವ ಲ್ಯಾಬ್ ಮೊದಲು ಬೆರಳೆಣಿಕೆಯಷ್ಟು. ಲ್ಯಾಬ್ ಹೆಚ್ಚಾಗಲು, ಬೆಡ್ ಬೇರೆ ಮಾಡಲು, ನಾವು ಕಲಿಯಲು ಸಮಯ ಬೇಕಿತ್ತು. ಆ ಸಮಯ ನಿಮ್ಮಂಥವರ ಹೂವಿನ ಬೆಲೆಯಲ್ಲಿ ನಮಗೆ ಸಿಕ್ಕಿತು. ಅದನ್ನು ನಾನು ಮರೆಯುವುದಿಲ್ಲ.

ಗಾರೆ ಕೆಲಸ, ಯಾದಗಿರಿ

ಡಾಕ್ಟರ್ ಸರ್, ಮೊದಲೇ ಹೇಳಿದ್ದರು ಅಂತೀರಿ. ನಮ್ಮ ಕಡೆಯಿಂದ ಕೇಳಿ.

ನಾವು 11 ಜನ ಬೆಂಗಳೂರಿನ ಹೊರಗೆ ಒಂದು ಕಟ್ಟಡದ ಸೈಟಿನಲ್ಲಿ ಶೆಡ್ ಹಾಕಿಕೊಂಡಿದ್ದೆವು. ಭಾನುವಾರ ಕರ್ಫ್ಯೂ. ಸೋಮವಾರ ಮೆಜೆಸ್ಟಿಕ್‌ಗೆ ಹೋದರೆ ನಮ್ಮೂರ ಕಡೆ ಬಸ್ಸು ಸಿಗಲಿಲ್ಲ. ವಾಪಸ್ ಶೆಡ್ಡಿಗೆ ಬಂದೆವು. ಮೇಸ್ತ್ರಿ ಮೊದಲ ವಾರ ಅಕ್ಕಿ ಕೊಡಿಸಿದ. ಆಮೇಲೆ ಅವನ ಫೋನ್ ಸ್ವಿಚ್ ಆಫ್. ಅವನಿಗೂ ಮೇಲಿನವರು ದುಡ್ಡು ಕೊಟ್ಟಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು.

ಸರ್ಕಾರ ಏಪ್ರಿಲ್‌ನಲ್ಲಿ ಎರಡು ತಿಂಗಳ ರೇಷನ್ ಒಟ್ಟಿಗೇ ಕೊಟ್ಟಿತು. ಆದರೆ ನಮ್ಮ ಕಾರ್ಡ್ ಊರಲ್ಲಿತ್ತು. ಸೈಟಿನ ಪಕ್ಕದ ಬಡಾವಣೆಯ ಕೆಲವು ಹುಡುಗರು ದಿನಾ ಮಧ್ಯಾಹ್ನ ಪೊಟ್ಟಣದಲ್ಲಿ ಚಿತ್ರಾನ್ನ ತಂದುಕೊಡುತ್ತಿದ್ದರು. ಅವರು ಬರದ ದಿನ ಗಂಜಿ. 40 ದಿನ ಹಾಗೆ ಕಳೆದೆವು.

ಮೇ ಮೊದಲ ವಾರ ಬಸ್ಸು ಬಿಟ್ಟರು. ಮೊದಲು ಡಬಲ್ ಚಾರ್ಜ್ ಕೇಳಿದರು. ಕೈಯಲ್ಲಿ ಬಸ್ ಚಾರ್ಜ್ ಇದ್ದಿದ್ದರೆ ಯಾಕೆ ಕಾಯುತ್ತಿದ್ದೆವು? ಜನ ಕೂಗಾಡಿದ ಮೇಲೆ ಫ್ರೀ ಮಾಡಿದರು. ಊರು ಮುಟ್ಟಿದರೆ ರಸ್ತೆಗೆ ಮುಳ್ಳಿನ ಬೇಲಿ. ನನ್ನ ಓಣಿಯವರೇ ಹಾಕಿದ್ದು. ಶಾಲೆಯಲ್ಲಿ 14 ದಿನ ಇರಿಸಿದರು. ಹೆಂಡತಿ ದೂರದಿಂದ ಬುತ್ತಿ ಇಟ್ಟು ಹೋಗುತ್ತಿದ್ದಳು. ನನ್ನ ಸಣ್ಣ ಮಗಳು ಕಂಪೌಂಡ್ ಆಚೆ ನಿಂತು ಅಪ್ಪಾ ಅಂತ ಕೂಗಿದರೆ ನಾನು ಹತ್ತಿರ ಹೋಗಬಾರದು.

ಆ 14 ದಿನಕ್ಕೆ ನನಗೆ ಸಿಟ್ಟಿಲ್ಲ. ಅದಕ್ಕೆ ಕಾರಣ ಇತ್ತು. ಶೆಡ್ಡಿನ 40 ದಿನಕ್ಕೆ ಸಿಟ್ಟಿದೆ.

ಮೈಸೂರು ಡಾಕ್ಟರ್

ಅಣ್ಣ, ನನ್ನ ಮಾತು ಅಷ್ಟು ಸುಲಭವಾಗಿ ಹೇಳಬಾರದಿತ್ತು. ಮುಂಚೆ ಹೇಳುವುದು ಬೇರೆ, ಮನೆ ಮುಟ್ಟಲು ದಾರಿ ಬಿಡುವುದು ಬೇರೆ. ತಿದ್ದಿಕೊಳ್ಳುತ್ತೇನೆ.

ಸೇವಂತಿಗೆ ತೋಟ, ಚಿಕ್ಕಬಳ್ಳಾಪುರ

ಯಾದಗಿರಿ ಅಣ್ಣ, ಇದನ್ನು ಓದಿದ ಮೇಲೆ ನನ್ನ ಹೂವಿನ ನಷ್ಟ ಸಣ್ಣದು ಅನಿಸಿತು. ನಮ್ಮ ಮನೆಯಲ್ಲಿ ರಾಗಿಯಾದರೂ ಇತ್ತು.

ಇನ್ನೊಂದು ನೆನಪಾಯಿತು. ಅದೇ ಮೇ ತಿಂಗಳಲ್ಲಿ ಬೇರೆ ರಾಜ್ಯದ ಕಾರ್ಮಿಕರು ಊರಿಗೆ ಹೋಗಲು ಕಾಯುತ್ತಿದ್ದರು. ಆಗ ನಮ್ಮ ರಾಜ್ಯ ಸರ್ಕಾರ ರೈಲು ಬೇಡ ಅಂತ ರೈಲ್ವೆಗೆ ಬರೆಯಿತು. ಮುಖ್ಯಮಂತ್ರಿಗಳು ಬಿಲ್ಡರ್‌ಗಳ ಜೊತೆ ಸಭೆ ಮಾಡಿದ ಮೇಲೆ ಆ ಪತ್ರ ಹೋದದ್ದು. ದೇಶದಲ್ಲೆಲ್ಲ ಟೀಕೆ ಬಂದು ಎರಡು ದಿನದಲ್ಲಿ ತೀರ್ಮಾನ ಬದಲಾಯಿತು. ರೋಗ ಹರಡಬಾರದು ಅಂತ ಜನರನ್ನು ತಡೆಯುವುದು ಒಂದು. ಕೆಲಸಕ್ಕೆ ಆಳು ಬೇಕು ಅಂತ ತಡೆಯುವುದು ಇನ್ನೊಂದು. ಎರಡಕ್ಕೂ ಒಂದೇ ಹೆಸರಿಟ್ಟರೆ ನಿಯಮದ ಮೇಲೆ ನಂಬಿಕೆ ಹೋಗುತ್ತದೆ ಅಲ್ವಾ?

ಗಡಿನಾಡ ಕನ್ನಡಿಗ, ಮಂಜೇಶ್ವರ

ನಮ್ಮ ಕಥೆ ಯಾರೂ ಹೇಳುವುದಿಲ್ಲ, ನಾನೇ ಹೇಳುತ್ತೇನೆ. ನಾವು ಕಾಸರಗೋಡು ಜಿಲ್ಲೆಯವರು. ರಾಜ್ಯ ಕೇರಳ, ಮನೆಮಾತು ಕನ್ನಡ, ತುಳು. ಹುಷಾರು ತಪ್ಪಿದರೆ ಓಡುವುದು ಮಂಗಳೂರಿಗೆ. ಡಯಾಲಿಸಿಸ್, ಹೆರಿಗೆ, ಹಾರ್ಟು, ಎಲ್ಲದಕ್ಕೂ. ಗಡಿಯ ತಲಪಾಡಿ ದಾಟಿದರೆ ಅರ್ಧ ಗಂಟೆಯ ದಾರಿ.

2020ರ ಮಾರ್ಚ್ ಕೊನೆಗೆ ಆ ತಲಪಾಡಿ ಮುಚ್ಚಿತು. ಒಳದಾರಿಗಳಿಗೆ ಮಣ್ಣು ಸುರಿದರು. ಕಾಸರಗೋಡಿನಲ್ಲಿ ಆಗ ಕೇಸು ತುಂಬಾ ಇದ್ದವು, ಮಂಗಳೂರಿನವರು ಹೆದರಿದ್ದು ನನಗೆ ಅರ್ಥ ಆಗುತ್ತದೆ. ಆದರೆ ಆಂಬುಲೆನ್ಸ್ ಕೂಡ ಬಿಡಲಿಲ್ಲ. ನಮ್ಮ ಪಕ್ಕದ ಮನೆಯ ಅಜ್ಜಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಬೇಕಿತ್ತು. ಗಡಿಯಿಂದ ವಾಪಸ್ ಕರೆತಂದರು. ಕಣ್ಣೂರಿನ ಕಡೆ ಜಾಗ ಹುಡುಕುವಷ್ಟರಲ್ಲಿ ಕೈಮೀರಿತ್ತು.

ಕೇರಳ ಹೈಕೋರ್ಟ್ ಏಪ್ರಿಲ್ 1ಕ್ಕೆ ದಾರಿ ಬಿಡಬೇಕು ಅಂದಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್ 7ರ ಹೊತ್ತಿಗೆ ರೋಗಿಗಳನ್ನು ತಪಾಸಣೆ ಮಾಡಿ ಬಿಡುವ ಒಪ್ಪಂದ ಆಯಿತು. ಗಡಿಯಲ್ಲೇ ವೈದ್ಯರನ್ನು ಕೂರಿಸಿ, ನೋಡಿ ಬಿಡುವುದು. ಅಷ್ಟೇ ಪರಿಹಾರ. ಅದನ್ನು ಮೊದಲ ದಿನವೇ ಮಾಡಬಹುದಿತ್ತು. ಆ ಎರಡು ವಾರದಲ್ಲಿ ಹೋದ ಜೀವಗಳು ಕೋವಿಡ್ ಲೆಕ್ಕದಲ್ಲಿ ಬರುವುದಿಲ್ಲ. ಅಜ್ಜಿಯ ಮಗ ಇಂದಿಗೂ ಮಂಗಳೂರಿಗೆ ಹೋದಾಗ ತಲಪಾಡಿಯಲ್ಲಿ ಮಾತು ನಿಲ್ಲಿಸುತ್ತಾನೆ.

ಬಟ್ಟೆ ಅಂಗಡಿ, ಹುಬ್ಬಳ್ಳಿ

ಇದನ್ನೆಲ್ಲ ಓದಿದರೆ ನನಗೆ ಅನಿಸುವುದು ಒಂದೇ. ಯಾವುದೂ ಬೇಕಿರಲಿಲ್ಲ. ಎಷ್ಟು ಬಂದ್ ಮಾಡಿದರೂ ರೋಗ ಬಂದೇ ಬಂತು. ಎರಡನೇ ಅಲೆ ಇನ್ನೂ ಜೋರಾಗಿ ಬಂತು.

ನಿಯಮಗಳಾದರೂ ಒಂದು ಕಡೆ ನಿಂತವಾ? ಮಾಸ್ಕ್ ದಂಡ ನೋಡಿ. 2020ರ ಅಕ್ಟೋಬರ್ ಶುರುವಿನಲ್ಲಿ ನಗರದಲ್ಲಿ 1,000 ರೂಪಾಯಿ ಮಾಡಿದರು. ಒಂದೇ ವಾರದಲ್ಲಿ 250ಕ್ಕೆ ಇಳಿಸಿದರು. ಡಿಸೆಂಬರ್ 23ಕ್ಕೆ ರಾತ್ರಿ ಕರ್ಫ್ಯೂ ಅಂದರು, 24ಕ್ಕೆ ವಾಪಸ್ ತೆಗೆದುಕೊಂಡರು. ನನ್ನ ಅಂಗಡಿಗೆ ಮದುವೆ ಸೀಸನ್ ಎರಡು ವರ್ಷ ಇರಲಿಲ್ಲ. ಇಬ್ಬರು ಹುಡುಗರನ್ನು ಕೆಲಸದಿಂದ ಬಿಡಿಸಬೇಕಾಯಿತು. ಅವರ ಮುಖ ನೋಡಲು ಆಗಲಿಲ್ಲ.

ಮಲ್ಲೇಶ್ವರದಿಂದ

ಹುಬ್ಬಳ್ಳಿ ಅಣ್ಣನವರೇ, ಸಿಟ್ಟಿನಿಂದ ಬರೆಯುತ್ತಿಲ್ಲ. ಆದರೆ ಯಾವುದೂ ಬೇಕಿರಲಿಲ್ಲ ಅನ್ನಬೇಡಿ.

ನಮ್ಮ ತಂದೆ 2021ರ ಏಪ್ರಿಲ್ ಕೊನೆಗೆ ಹೋದರು. ಮಾರ್ಚ್‌ನಿಂದಲೇ ಕೇಸು ಏರುತ್ತಿದ್ದವು. ಪತ್ರಿಕೆಯಲ್ಲಿ ದಿನಾ ನೋಡುತ್ತಿದ್ದೆವು. ಅದೇ ಹೊತ್ತಿಗೆ ಬೆಳಗಾವಿ, ಬಸವಕಲ್ಯಾಣ, ಮಸ್ಕಿ ಉಪಚುನಾವಣೆ. ಎಲ್ಲ ಪಕ್ಷದವರೂ ಸಭೆ ಮಾಡಿದರು. ಏಪ್ರಿಲ್ 17ಕ್ಕೆ ಮತದಾನ ಆಯಿತು. ರಾಜ್ಯ ಬಂದ್ ಆದದ್ದು ಏಪ್ರಿಲ್ 27ರ ರಾತ್ರಿ. ಅಷ್ಟರಲ್ಲಿ ಬೆಂಗಳೂರಿನಲ್ಲಿ ಬೆಡ್ಡೇ ಇರಲಿಲ್ಲ.

ಬೆಡ್ ಬೇಕಾದರೆ ಒಂದು ನಂಬರ್ ಬೇಕು. ಆ ನಂಬರ್ ಬರಬೇಕಾದರೆ ರಿಪೋರ್ಟ್ ಬರಬೇಕು. ರಿಪೋರ್ಟ್ ಬರಲು ಮೂರು ದಿನ. ಸಹಾಯವಾಣಿಯ ಹುಡುಗಿ ಪಾಪ ಫೋನಿನಲ್ಲೇ ಅತ್ತಳು. ಅಪ್ಪನ ಉಸಿರು ಕಾಯಲಿಲ್ಲ. ಅಂತ್ಯಕ್ರಿಯೆಗೆ ಐದು ಜನ ಅಂತ ನಿಯಮ. ನಾವು ಇದ್ದದ್ದೇ ಮೂವರು. ಊರೊಳಗಿನ ಚಿತಾಗಾರದ ಮುಂದೆ ಆಂಬುಲೆನ್ಸ್ ಸಾಲು. ಕೊನೆಗೆ ತಾವರೆಕೆರೆ ಹತ್ತಿರ ಬಯಲಿನಲ್ಲಿ ಕಟ್ಟಿಗೆ ಚಿತೆ. ಒಂದೇ ಸಲಕ್ಕೆ ಎಷ್ಟು ಚಿತೆ ಉರಿಯುತ್ತಿದ್ದವು ಅಂತ ಎಣಿಸಲು ಮನಸ್ಸಾಗಲಿಲ್ಲ.

ಅದಾದ ಕೆಲವೇ ದಿನಕ್ಕೆ ಚಾಮರಾಜನಗರ. ಜಿಲ್ಲಾಸ್ಪತ್ರೆಯಲ್ಲಿ ಒಂದೇ ದಿನದೊಳಗೆ 24 ರೋಗಿಗಳು ಹೋದರು. ಆಮ್ಲಜನಕ ಸಾಲದೆ ಸತ್ತವರು ಮೂವರು ಮಾತ್ರ ಅಂತ ಮೊದಲು ಹೇಳಿದರು. ಹೈಕೋರ್ಟ್ ನೇಮಿಸಿದ ಸಮಿತಿ ಆ ಮಾತನ್ನು ಒಪ್ಪಲಿಲ್ಲ. ರಾಜ್ಯಕ್ಕೆ ದಿನಕ್ಕೆ 1,200 ಟನ್ ಆಮ್ಲಜನಕ ಕೊಡಿ ಅಂತ ಹೈಕೋರ್ಟ್ ಕೇಂದ್ರಕ್ಕೆ ಆದೇಶ ಮಾಡಬೇಕಾಯಿತು. ಅದು ಜಾಸ್ತಿ ಅಂತ ಕೇಂದ್ರ ಸುಪ್ರೀಂ ಕೋರ್ಟಿಗೆ ಹೋಯಿತು. ಸುಪ್ರೀಂ ಕೋರ್ಟ್ ಆದೇಶ ತಡೆಯಲಿಲ್ಲ.

ನಾನು ಕೇಳುವುದು ಇಷ್ಟು. 2020ರಲ್ಲಿ ಕೆಲವೇ ನೂರು ಕೇಸು ಇದ್ದಾಗ ದೇಶ ಪೂರ್ತಿ ಮುಚ್ಚಿದರು. 2021ರಲ್ಲಿ ಮನೆ ಮನೆಗೆ ರೋಗ ಬಂದಾಗ ಕಾಯುತ್ತಾ ಕೂತರು. ಮಾರ್ಚ್ ಕೊನೆಗೇ ಸಭೆ, ಜಾತ್ರೆ, ದೊಡ್ಡ ಮದುವೆ ನಿಲ್ಲಿಸಿದ್ದರೆ ಅಂಗಡಿ ಮುಚ್ಚುವ ಅಗತ್ಯವೇ ಬರುತ್ತಿರಲಿಲ್ಲವೋ ಏನೋ. ನಿಮ್ಮ ಹುಡುಗರ ಕೆಲಸವೂ ಉಳಿಯುತ್ತಿತ್ತೇನೋ.

ಬಟ್ಟೆ ಅಂಗಡಿ, ಹುಬ್ಬಳ್ಳಿ

ಕ್ಷಮಿಸಿರಿ. ನಿಮ್ಮ ತಂದೆಯವರ ವಿಷಯ ಗೊತ್ತಿರಲಿಲ್ಲ. ಬೇಕಿರಲಿಲ್ಲ ಅನ್ನುವ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ನಿಯಮ ದಿನಕ್ಕೊಂದು ಬದಲಾದರೆ ಜನ ಕೇಳುವುದು ಬಿಡುತ್ತಾರೆ. ಆ ಮಾತು ಮಾತ್ರ ಹಾಗೇ ಇರಲಿ.

ಆಶಾ ಅಕ್ಕ, ಕೊಪ್ಪಳ ಜಿಲ್ಲೆ

ನಾನು ಆಶಾ ಕಾರ್ಯಕರ್ತೆ. ರಾಜ್ಯದಲ್ಲಿ ನಮ್ಮಂಥವರು ಸುಮಾರು 42,000 ಜನ. ನೀವೆಲ್ಲ ನಿಯಮ ನಿಯಮ ಅನ್ನುತ್ತೀರಿ. ಆ ನಿಯಮವನ್ನು ಮನೆ ಬಾಗಿಲಿಗೆ ತಂದವರು ನಾವು.

ಹೊರಗಿನಿಂದ ಬಂದವರ ಪಟ್ಟಿ ಮಾಡುವುದು, ಬಾಗಿಲಿಗೆ ಕ್ವಾರಂಟೈನ್ ಚೀಟಿ ಅಂಟಿಸುವುದು, ದಿನಾ ಹೋಗಿ ಜ್ವರ ಇದೆಯಾ, ಕೆಮ್ಮು ಇದೆಯಾ ಅಂತ ಕೇಳುವುದು. ಮೊದಮೊದಲು ಮಾಸ್ಕ್ ಕೂಡ ಸರಿಯಾಗಿ ಇರಲಿಲ್ಲ. ಸೆರಗು ಕಟ್ಟಿಕೊಂಡು ಹೋಗುತ್ತಿದ್ದೆ. ಒಂದು ಮನೆಯಲ್ಲಿ ಚೀಟಿ ಅಂಟಿಸಿದ್ದಕ್ಕೆ ಬೈದು ಕಳಿಸಿದರು. ನಾನೇ ಹೆರಿಗೆಗೆ ಕರೆದುಕೊಂಡು ಹೋದ ಸೊಸೆ ಇದ್ದ ಮನೆ ಅದು. ಅಳು ಬಂತು.

ಆದರೆ ಅದೇ ಮನೆಯವರು ನಾಲ್ಕನೇ ದಿನ ರಾತ್ರಿ ಫೋನ್ ಮಾಡಿ, ಅಕ್ಕಾ, ಮಾವನಿಗೆ ಉಸಿರು ಕಟ್ಟುತ್ತಿದೆ ಅಂದರು. ನಾನೇ ಆಂಬುಲೆನ್ಸ್‌ಗೆ ಹೇಳಿದೆ. ಅವರು ಬದುಕಿದರು. ಪೊಲೀಸರು ಬಂದರೆ ಜನ ಹಿತ್ತಲಿಂದ ಓಡುತ್ತಾರೆ. ಪರಿಚಯದ ಮುಖ ಬಂದರೆ ಬಾಗಿಲು ತೆಗೆಯುತ್ತಾರೆ. ಚೀಟಿ ಅಂಟಿಸಿ ಬಂದರೆ ಸಾಲದು. ಆ ಮನೆಗೆ ಹಾಲು ಯಾರು ತಂದುಕೊಡುತ್ತಾರೆ, ದನಕ್ಕೆ ಮೇವು ಯಾರು ಹಾಕುತ್ತಾರೆ ಅಂತ ಕೇಳಿ ಬರಬೇಕು. ಕೇಳಿದ ಮನೆಯವರು ಹೊರಗೆ ಬರಲಿಲ್ಲ. ಕೇಳದೆ ಬಂದ ಮನೆಯವರು ರಾತ್ರಿ ಕದ್ದು ಹೊಲಕ್ಕೆ ಹೋದರು. ಇದು ನನ್ನ ಕಣ್ಣಲ್ಲಿ ನೋಡಿದ್ದು.

ಎಲ್ಲರೂ ಚಪ್ಪಾಳೆ ತಟ್ಟಿದಿರಿ, ಸಂತೋಷ. 2020ರ ಜುಲೈ 10ರಿಂದ ನಾವು ಮುಷ್ಕರ ಮಾಡಬೇಕಾಯಿತು. ತಿಂಗಳಿಗೆ 12,000 ರೂಪಾಯಿ ಗೌರವಧನ ಖಾತ್ರಿ ಮಾಡಿ, ಮಾಸ್ಕ್, ಗ್ಲೌಸ್ ಕೊಡಿ ಅಂತ ಕೇಳಿದೆವು. ಸೋಂಕು ಏರುತ್ತಿರುವ ಹೊತ್ತಿನಲ್ಲಿ ಕೆಲಸ ಬಿಟ್ಟು ಕೂರುವುದು ನಮಗೂ ಕಷ್ಟವೇ ಆಗಿತ್ತು.

ಹಳೇ ಹೆಡ್ ಕಾನ್‌ಸ್ಟೆಬಲ್, ದಾವಣಗೆರೆ

ಆಶಾ ತಂಗಿ ಹೇಳಿದ್ದು ನಿಜ. ನಾನು ಆಗ ಇಲಾಖೆಯಲ್ಲಿದ್ದೆ, ಈಗ ನಿವೃತ್ತಿ.

ಮೊದಲ ವಾರ ನಮಗೆ ಬಂದ ಮಾತು, ಯಾರೂ ರಸ್ತೆಯಲ್ಲಿ ಕಾಣಬಾರದು ಅಂತ. ಯಾರನ್ನು ಬಿಡಬೇಕು, ಯಾರನ್ನು ಬಿಡಬಾರದು ಅಂತ ಸರಿಯಾದ ಪಟ್ಟಿ ಕೈಗೆ ಬರುವ ಮೊದಲೇ ಬ್ಯಾರಿಕೇಡ್ ಹಾಕಿದೆವು. ಎರಡನೇ ದಿನ ಒಬ್ಬ ಹುಡುಗ ಬೈಕಿನಲ್ಲಿ ಬಂದ. ನಿಲ್ಲಿಸಿದೆ. ಲಾಠಿಯಲ್ಲಿ ಕಾಲಿಗೆ ಹೊಡೆದೆ. ಅವನ ಜೇಬಿನಿಂದ ಚೀಟಿ ಬಿತ್ತು. ಅವನ ತಾಯಿಯ ಸಕ್ಕರೆ ಕಾಯಿಲೆ ಮಾತ್ರೆಯ ಚೀಟಿ. ಅವನು ಏನೂ ಅನ್ನಲಿಲ್ಲ. ಚೀಟಿ ಎತ್ತಿಕೊಂಡು ಹೋದ. ಮಾತ್ರೆ ಅಂಗಡಿ ಕಡೆಗೇ ಹೋದನೋ, ಮನೆಗೆ ಹೋದನೋ ನೋಡಲಿಲ್ಲ. ಐದು ವರ್ಷದಿಂದ ಆ ಹುಡುಗನನ್ನು ಊರಲ್ಲಿ ಹುಡುಕುತ್ತಿದ್ದೇನೆ. ಸಿಕ್ಕರೆ ಕೈಮುಗಿಯಬೇಕು.

ನಮ್ಮವರ ಕಷ್ಟವೂ ಇತ್ತು. ಕಂಟೈನ್‌ಮೆಂಟ್ ಝೋನಿನಲ್ಲಿ ಡ್ಯೂಟಿ ಮಾಡಿ ಮನೆಗೆ ಹೋಗದೆ ಠಾಣೆಯ ಶೆಡ್ಡಿನಲ್ಲಿ ಮಲಗಿದವರಿದ್ದಾರೆ. ಜೊತೆಗಿದ್ದವರನ್ನು ಕಳೆದುಕೊಂಡೆವು. ಆದರೂ ಹೊಡೆದದ್ದು ತಪ್ಪು. ಔಷಧಿಗೆ ಹೋಗುವವನನ್ನು ಹೇಗೆ ಗುರುತಿಸಬೇಕು ಅಂತ ಮೊದಲೇ ಹೇಳಿಕೊಟ್ಟಿದ್ದರೆ ಆ ಏಟು ಬೀಳುತ್ತಿರಲಿಲ್ಲ.

ಇತಿಹಾಸದ ವಿದ್ಯಾರ್ಥಿನಿ, ಧಾರವಾಡ

ಸರ್, ನೀವು ಬರೆದದ್ದು ಓದಿ ತುಂಬಾ ಹೊತ್ತು ಸುಮ್ನೆ ಕೂತೆ.

ಒಂದು ಹಳೇ ವಿಷಯ ಸೇರಿಸಬೇಕು ಅನಿಸಿತು. 2020ರಲ್ಲಿ ಮೊದಲು ಬಳಸಿದ ಕಾನೂನು 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ. ಮುಂಬೈಗೆ 1896ರಲ್ಲಿ ಪ್ಲೇಗ್ ಬಂದಾಗ ಬ್ರಿಟಿಷರು ಅವಸರದಲ್ಲಿ ಮಾಡಿದ್ದು. ಅದರಲ್ಲಿ ಇದ್ದದ್ದು ನಾಲ್ಕೇ ಕಲಂ. ಸರ್ಕಾರ ಏನು ಬೇಕಾದರೂ ನಿಯಮ ಮಾಡಬಹುದು. ಮೀರಿದವರಿಗೆ ಶಿಕ್ಷೆ. ಅಧಿಕಾರಿಗಳ ಮೇಲೆ ಕೇಸು ಹಾಕುವಂತಿಲ್ಲ. ಒಳಗೆ ಕೂಡಿಹಾಕಿದವರಿಗೆ ಊಟ ಕೊಡಬೇಕು, ಕೂಲಿ ಹೋದವರಿಗೆ ಏನಾದರೂ ಕೊಡಬೇಕು ಅನ್ನುವ ಒಂದು ಸಾಲೂ ಇಲ್ಲ. ಯಾದಗಿರಿ ಅಣ್ಣನ 40 ದಿನದ ಬೇರು ಅಲ್ಲಿದೆ ಅಂತ ನನಗೆ ಅನಿಸುತ್ತದೆ.

ಪುಣೆಯಲ್ಲಿ ಸೈನಿಕರು ಮನೆ ಒಳಗೆ ನುಗ್ಗಿ ತಪಾಸಣೆ ಮಾಡಿದರು. ಜನರ ಸಿಟ್ಟು ಎಷ್ಟಿತ್ತೆಂದರೆ 1897ರ ಜೂನ್‌ನಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್‌ನನ್ನು ಚಾಪೇಕರ್ ಸಹೋದರರು ಗುಂಡಿಟ್ಟು ಕೊಂದರು. ಮುಂದಿನ ವರ್ಷ ಆಗಸ್ಟ್‌ನಲ್ಲಿ ಪ್ಲೇಗ್ ಬೆಂಗಳೂರಿಗೆ ಬಂತು. ವಿ. ಪಿ. ಮಾಧವರಾವ್ ಅವರನ್ನು ಮೈಸೂರು ಸಂಸ್ಥಾನ ಪ್ಲೇಗ್ ಕಮಿಷನರ್ ಮಾಡಿತು. ಇಲ್ಲೂ ರೈಲು ಪ್ರಯಾಣಿಕರ ತಪಾಸಣೆ, ರೋಗಿಗಳಿಗೆ ಬೇರೆ ಶಿಬಿರ ಎಲ್ಲ ಇತ್ತು. ಜನ ರೋಗಿಗಳನ್ನು ಬಚ್ಚಿಟ್ಟರು. ಹೆಣವನ್ನೂ ಬಚ್ಚಿಟ್ಟರು.

ಆದರೆ ಇನ್ನೊಂದೂ ನಡೆಯಿತು. ಒತ್ತೊತ್ತಾದ ಪೇಟೆಯಿಂದ ಜನ ಹೊರಗೆ ಹೋಗಿ ಗಾಳಿ ಬೆಳಕಿನ ಹೊಸ ಬಡಾವಣೆಗಳಲ್ಲಿ ನೆಲೆಸಿದರು. ಮಲ್ಲೇಶ್ವರ, ಬಸವನಗುಡಿ ಹಾಗೆ ಬೆಳೆದವು. ಹಳ್ಳಿಗಳಲ್ಲಿ ಇಲಿ ಸತ್ತು ಬಿದ್ದರೆ ಜನ ತಾವಾಗಿಯೇ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. ನಮ್ಮ ಮುತ್ತಜ್ಜಿ ಹೊಲದಲ್ಲಿ ಮೂರು ತಿಂಗಳು ಇದ್ದ ಕಥೆ ಮನೆಯಲ್ಲಿ ಈಗಲೂ ಹೇಳುತ್ತಾರೆ. ಅವರನ್ನು ಯಾರೂ ಲಾಠಿ ಹಿಡಿದು ಓಡಿಸಲಿಲ್ಲ. ಹೊಲದಲ್ಲಿ ಅಡುಗೆ ಇತ್ತು, ದನ ಇತ್ತು, ನೆಂಟರಿದ್ದರು. ಆದ್ದರಿಂದ ಹೋದರು, ಇದ್ದರು.

ಮೆಲ್ಬರ್ನ್ ಕನ್ನಡತಿ

ನಾನು ಆಗ ಇಲ್ಲಿ ಓದುತ್ತಿದ್ದೆ. ನಮ್ಮ ನಗರ ಒಟ್ಟು 262 ದಿನ ಲಾಕ್‌ಡೌನ್‌ನಲ್ಲಿತ್ತು, ಆರು ಸಲ. ರಾತ್ರಿ ಎಂಟಕ್ಕೆ ಕರ್ಫ್ಯೂ, ಮನೆಯಿಂದ ಐದು ಕಿಲೋಮೀಟರ್ ದಾಟಬಾರದು, ಮೀರಿದರೆ 1,652 ಡಾಲರ್ ದಂಡ.

ಜನ ತಡೆದುಕೊಂಡರು. ಅದಕ್ಕೆ ಒಂದು ದೊಡ್ಡ ಕಾರಣ ದುಡ್ಡು. ಕೆಲಸ ನಿಂತವರಿಗೆ ಎರಡು ವಾರಕ್ಕೆ 1,500 ಡಾಲರ್ ಸರ್ಕಾರ ಕೊಟ್ಟಿತು. ಆದರೆ ನನ್ನಂಥ ತಾತ್ಕಾಲಿಕ ವೀಸಾದವರಿಗೆ ಅದು ಇರಲಿಲ್ಲ. ನಾನು ಕೆಲಸ ಮಾಡುತ್ತಿದ್ದ ಹೋಟೆಲ್ ಮುಚ್ಚಿತು. ಕನ್ನಡದವರೇ ಕೆಲವರು ಅಕ್ಕಿ, ಬೇಳೆ, ಸಾರಿನ ಪುಡಿ ತಂದುಕೊಟ್ಟರು. ಯಾದಗಿರಿ ಅಣ್ಣ, ಬೆಂಗಳೂರಿನಲ್ಲಿ ನಿಮ್ಮ ಕಾರ್ಡ್ ಹೇಗೆ ನಡೆಯಲಿಲ್ಲವೋ ಇಲ್ಲಿ ನನ್ನ ವೀಸಾ ಹಾಗೆ.

2020ರ ಜುಲೈ 4ಕ್ಕೆ ಇಲ್ಲಿ ಒಂಬತ್ತು ಸರ್ಕಾರಿ ವಸತಿ ಗೋಪುರಗಳನ್ನು ಒಂದು ನಿಮಿಷದ ನೋಟಿಸೂ ಇಲ್ಲದೆ ಮುಚ್ಚಿದರು. ಸುಮಾರು 3,000 ಜನ ಒಳಗೆ. ಹೆಚ್ಚಿನವರು ಬೇರೆ ದೇಶಗಳಿಂದ ಬಂದ ಬಡವರು. ಕೆಳಗೆ ಪೊಲೀಸರು. ಊಟ, ಔಷಧಿ ಸರಿಯಾಗಿ ಸಿಗಲಿಲ್ಲ. ಸರ್ಕಾರದ ಮೇಲಿನ ದೂರು ನೋಡುವ ರಾಜ್ಯದ ಒಂಬುಡ್ಸ್‌ಮನ್ ವಿಚಾರಣೆ ಮಾಡಿದರು. ಹಾಗೆ ತಕ್ಷಣ ಮುಚ್ಚಿದ್ದು ಮಾನವ ಹಕ್ಕುಗಳ ಕಾನೂನಿಗೆ ವಿರುದ್ಧ, ಸರ್ಕಾರ ಕ್ಷಮೆ ಕೇಳಬೇಕು ಅಂತ ಡಿಸೆಂಬರ್‌ನಲ್ಲಿ ವರದಿ ಕೊಟ್ಟರು. ನನಗೆ ಮೆಚ್ಚುಗೆ ಆದದ್ದು ಅದು. ತಪ್ಪು ಇಲ್ಲೂ ಆಯಿತು. ಆದರೆ ಆರು ತಿಂಗಳೊಳಗೆ ಯಾರೋ ಕೂತು ವಿಚಾರಿಸಿ, ಇದು ತಪ್ಪು ಅಂತ ಬರೆದಿಟ್ಟರು.

ಹಾಸನದ ಮೇಷ್ಟ್ರು

ಎಲ್ಲರೂ ದೊಡ್ಡವರ ಮಾತೇ ಆಡುತ್ತಿದ್ದೀರಿ. ಮಕ್ಕಳ ಮಾತು ನಾನು ಆಡುತ್ತೇನೆ.

ನಾನು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ ಮೇಷ್ಟ್ರು. 2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿತು. ಒಂದರಿಂದ ಐದನೇ ತರಗತಿ ಮಕ್ಕಳು ವಾಪಸ್ ಬಂದದ್ದು 2021ರ ಅಕ್ಟೋಬರ್ 25ಕ್ಕೆ. 19 ತಿಂಗಳು. ಮದ್ಯದಂಗಡಿ 2020ರ ಮೇ 4ಕ್ಕೇ ತೆರೆದಿತ್ತು. ಈ ಎರಡು ತಾರೀಖು ನನ್ನ ತಲೆಯಿಂದ ಹೋಗುವುದಿಲ್ಲ.

ಮಧ್ಯೆ ವಿದ್ಯಾಗಮ ಅಂತ ಮಾಡಿದೆವು. 2020ರ ಆಗಸ್ಟ್‌ನಲ್ಲಿ. ಶಾಲೆಗೆ ಮಕ್ಕಳು ಬರಬಾರದು, ಮೇಷ್ಟ್ರೇ ಮಕ್ಕಳ ಬಳಿ ಹೋಗಬೇಕು. ದೇವಸ್ಥಾನದ ಜಗುಲಿ, ಅರಳಿಕಟ್ಟೆ, ಯಾರದೋ ಕೊಟ್ಟಿಗೆ ಪಕ್ಕ. ನನ್ನ 35 ವರ್ಷದ ನೌಕರಿಯಲ್ಲಿ ಅಷ್ಟು ಚೆನ್ನಾಗಿ ಪಾಠ ಮಾಡಿದ್ದು ಕಡಿಮೆ. ಕೆಲವು ಕಡೆ ಮಕ್ಕಳಿಗೆ, ಶಿಕ್ಷಕರಿಗೆ ಸೋಂಕು ಬಂತು. ಶಿಕ್ಷಕರು ಕೆಲವರು ಹೋದರು. ಅಕ್ಟೋಬರ್‌ನಲ್ಲಿ ನಿಲ್ಲಿಸಿದರು. ನಿಲ್ಲಿಸಿದ್ದು ತಪ್ಪು ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ, ಹೋದವರು ನಮ್ಮವರೇ. ಆದರೆ ಅಲ್ಲಿಂದ ಮುಂದೆ ಇನ್ನೊಂದು ವರ್ಷ ಚಿಕ್ಕ ಮಕ್ಕಳ ಬಗ್ಗೆ ಬೇರೆ ದಾರಿಯನ್ನೇ ಹುಡುಕಲಿಲ್ಲವಲ್ಲ, ಅದು ತಪ್ಪು.

ಆನ್‌ಲೈನ್ ಅಂದರು. ನನ್ನ ಶಾಲೆಯ 22 ಮಕ್ಕಳಲ್ಲಿ ಸ್ಮಾರ್ಟ್‌ಫೋನ್ ಇದ್ದ ಮನೆ ಏಳು. ಅದೂ ಅಪ್ಪನ ಜೊತೆ ಕೆಲಸಕ್ಕೆ ಹೋಗುವ ಫೋನು. ಬಿಸಿಯೂಟದ ಬದಲು ಅಕ್ಕಿ, ಬೇಳೆ ಮನೆಗೆ ಕೊಟ್ಟೆವು. ಅದು ಒಳ್ಳೆಯದಾಯಿತು. ಆದರೆ ಎರಡನೇ ತರಗತಿಯಲ್ಲಿ ಬಿಟ್ಟು ಹೋದ ಹುಡುಗಿ ನಾಲ್ಕನೇ ತರಗತಿಗೆ ಬಂದು ಕೂತಾಗ ಒತ್ತಕ್ಷರ ಒಂದೂ ಬರುತ್ತಿರಲಿಲ್ಲ. ತನ್ನ ಹೆಸರಿನ ಒತ್ತಕ್ಷರವನ್ನೇ ಮರೆತಿದ್ದಳು.

ಮುಂಜಾಗ್ರತೆ ಮಾಡಿದರೆ ಆಗುವುದಿಲ್ಲ ಅಂತ ಅಲ್ಲ. 2020ರ ಜೂನ್ 25ರಿಂದ ಎಸ್ಸೆಸ್ಸೆಲ್ಸಿ ಪರೀಕ್ಷೆ ಮಾಡಿದೆವಲ್ಲ. ಎಂಟು ಲಕ್ಷಕ್ಕೂ ಜಾಸ್ತಿ ಮಕ್ಕಳು. ಜ್ವರ ನೋಡಿ, ಮಾಸ್ಕ್ ಕೊಟ್ಟು, ದೂರ ದೂರ ಕೂರಿಸಿ ಮಾಡಿದೆವು. ಪರೀಕ್ಷೆಗೆ ಅಷ್ಟು ತಯಾರಿ ಮಾಡಿದವರು ಪಾಠಕ್ಕೆ ಯಾಕೆ ಮಾಡಲಿಲ್ಲ?

ಮೈಸೂರು ಡಾಕ್ಟರ್

ಮೇಷ್ಟ್ರೇ, ನಿಮ್ಮ ಮಾತನ್ನು ಒಪ್ಪುತ್ತೇನೆ. ಮೊದಲ ಕೆಲವು ತಿಂಗಳು ಮಕ್ಕಳಿಂದ ಎಷ್ಟು ಹರಡುತ್ತದೆ ಅಂತ ನಮಗೆ ತಿಳಿದಿರಲಿಲ್ಲ. ಮುಚ್ಚಿದ್ದು ಸರಿ. ಚಿಕ್ಕ ಮಕ್ಕಳಲ್ಲಿ ರೋಗ ಅಷ್ಟು ಜೋರಾಗಿ ಬರುವುದಿಲ್ಲ ಅಂತ ಆಮೇಲೆ ಗೊತ್ತಾಯಿತು. ಗೊತ್ತಾದ ಮೇಲೆ ನಿಯಮ ಬದಲಾಗಬೇಕಿತ್ತು. ಹುಬ್ಬಳ್ಳಿಯವರು ನಿಯಮ ದಿನಾ ಬದಲಾಯಿತು ಅಂದರು. ದಂಡ, ಕರ್ಫ್ಯೂ ದಿನಾ ಬದಲಾದವು. ಬದಲಾಗಬೇಕಾದ ಇದು ಬದಲಾಗಲಿಲ್ಲ.

ಮಲ್ಲೇಶ್ವರದಿಂದ

ಒಂದು ಒಳ್ಳೆ ಉದಾಹರಣೆಯೂ ಇರಲಿ. 2020ರ ಜುಲೈನಲ್ಲಿ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್‌ನಲ್ಲಿ ಸೋಂಕಿತರ ಮನೆ ಬಾಗಿಲಿಗೇ ತಗಡು ಹೊಡೆದುಬಿಟ್ಟರು. ಒಳಗೆ ಬೆಂಕಿ ಬಿದ್ದರೆ ಏನು ಗತಿ? ಫೋಟೋ ಹೊರಗೆ ಬಂದ ಕೂಡಲೇ ತಗಡು ತೆಗೆಸಿದರು. ಪಾಲಿಕೆ ಆಯುಕ್ತರು ಎಲ್ಲರ ಮುಂದೆ ಕ್ಷಮೆ ಕೇಳಿದರು. ಕ್ಷಮೆ ಕೇಳಿದ್ದನ್ನು ನಾನು ಇಂದಿಗೂ ಗೌರವದಿಂದ ನೆನೆಯುತ್ತೇನೆ.

ಸೇವಂತಿಗೆ ತೋಟ, ಚಿಕ್ಕಬಳ್ಳಾಪುರ

ಇಷ್ಟು ಜನ ಮನಸ್ಸು ಬಿಚ್ಚಿ ಬರೆದಿರಿ. ರಾತ್ರಿ ಅಪ್ಪನಿಗೂ ಓದಿ ಹೇಳಿದೆ. ತಲಪಾಡಿ ಅಜ್ಜಿಯ ಮಾತು ಬಂದಾಗ ಸಾಕು ನಿಲ್ಲಿಸು ಅಂದರು.

ನಮ್ಮ ಪಂಚಾಯಿತಿಯ ಮುಂದಿನ ಗ್ರಾಮಸಭೆಯಲ್ಲಿ ಒಂದು ಅರ್ಜಿ ಕೊಡುತ್ತೇನೆ. ಸಭೆಯಲ್ಲಿ ಏನಾಗುತ್ತದೋ ನೋಡೋಣ, ಬರೆದು ಕೊಡುವುದಂತೂ ಸರಿ. ಮತ್ತೆ ಬಂದ್ ಮಾಡುವ ದಿನ ಬಂದರೆ ಮನೆ ಸೇರಲು ಎರಡು ದಿನ ಬಸ್ಸು ಓಡಬೇಕು. ಬಂದ್ ಶುರುವಾದ ದಿನದಿಂದಲೇ ದಿನಗೂಲಿಯವರಿಗೆ ಊಟ, ದುಡ್ಡು ಸಿಗಬೇಕು, ತಿಂಗಳು ಬಿಟ್ಟು ಅಲ್ಲ. ಆಸ್ಪತ್ರೆಗೆ ಹೋಗುವ ದಾರಿ ಯಾವ ಗಡಿಯಲ್ಲೂ ಮುಚ್ಚಬಾರದು. ಚಿಕ್ಕ ಮಕ್ಕಳ ಶಾಲೆ ಕೊನೆಗೆ ಮುಚ್ಚಿ ಮೊದಲು ತೆರೆಯಬೇಕು. ಆಶಾ ಅಕ್ಕಂದಿರಿಗೆ ಮೊದಲ ದಿನವೇ ಮಾಸ್ಕ್, ಗ್ಲೌಸ್ ಕೊಡಬೇಕು. ಇದಕ್ಕೆಲ್ಲ ಊರಲ್ಲಿ ಯಾರು ದಿನಗೂಲಿ, ಯಾರಿಗೆ ಡಯಾಲಿಸಿಸ್, ಯಾರು ಒಂಟಿ ಮುದುಕರು ಅಂತ ಒಂದು ಪಟ್ಟಿ ಈಗಲೇ ಇರಬೇಕು. ಇನ್ನೇನು ಸೇರಿಸಲಿ?

ಗಾರೆ ಕೆಲಸ, ಯಾದಗಿರಿ

ಅಣ್ಣ, ಪಟ್ಟಿಯಲ್ಲಿ ಊರಲ್ಲಿ ಇರುವವರನ್ನು ಮಾತ್ರ ಬರೆಯಬೇಡಿ. ದುಡಿಯಲು ಹೊರಗೆ ಹೋದವರನ್ನೂ ಬರೆಯಿರಿ. ಯಾವ ಊರು, ಯಾವ ಸೈಟು, ಯಾವ ಫೋನ್ ನಂಬರ್. ಹಾಗೇ ನಿಮ್ಮ ತೋಟಕ್ಕೆ ಕೂಲಿಗೆ ಬಂದಿರುವ ಬೇರೆ ಊರಿನವರನ್ನೂ ಬರೆಯಿರಿ. ಅವರ ಕಾರ್ಡ್ ಅವರ ಊರಲ್ಲಿ ಇರುತ್ತದೆ.

ಸೇವಂತಿಗೆ ತೋಟ, ಚಿಕ್ಕಬಳ್ಳಾಪುರ

ನಿಜ ಅಣ್ಣ. ನಮ್ಮ ತೋಟದಲ್ಲೇ ರಾಯಚೂರಿನ ಕಡೆಯ ಎರಡು ಸಂಸಾರ ಇದೆ. ಅವರ ಕಾರ್ಡಿನ ವಿಷಯ ನಾನು ಇವತ್ತಿನವರೆಗೂ ಕೇಳಿರಲಿಲ್ಲ. ಬೆಳಿಗ್ಗೆ ಕೇಳುತ್ತೇನೆ.

ಆಶಾ ಅಕ್ಕ, ಕೊಪ್ಪಳ ಜಿಲ್ಲೆ

ನಮ್ಮ ಊರಿನ ಗರ್ಭಿಣಿಯರು, ಬಿಪಿ, ಶುಗರ್ ಇರುವವರು, ಮುದುಕರು ಎಲ್ಲ ನನ್ನ ಡೈರಿಯಲ್ಲಿದ್ದಾರೆ. ಬೆಂಗಳೂರಿಗೆ, ಗೋವಾಕ್ಕೆ ದುಡಿಯಲು ಹೋದ ಮನೆ ಎಷ್ಟು ಅಂತ ಲೆಕ್ಕ ಇಲ್ಲ. ನಾಳೆ ಸರ್ವೆಗೆ ಹೋಗುವುದಿದೆ. ಡೈರಿಯ ಹಿಂದಿನ ಪುಟದಲ್ಲಿ ಶುರು ಮಾಡುತ್ತೇನೆ.